ಉದುರುವ ಹಲ್ಲಿಗೂ ಚಿಕಿತ್ಸೆ ಬೇಕು: ಗುಜರಾತಿನ ಮೂರು ನಗರಗಳಲ್ಲಿ ಮಕ್ಕಳ ದಂತಾರೋಗ್ಯ

ಹಾಲುಹಲ್ಲು ಹೇಗೂ ಉದುರಿಹೋಗುವುದು, ಅದಕ್ಕೇಕೆ ಖರ್ಚು ಎಂಬ ಮಾತು ಬೆಂಗಳೂರಿನಲ್ಲಿ ಕೇಳಿಬರುವಂತೆಯೇ ಅಹಮದಾಬಾದ್, ವಡೋದರಾ, ಸೂರತ್‌ಗಳ ಮನೆಗಳಲ್ಲೂ ಕೇಳಿಬರುತ್ತದೆ. ಆದರೆ ಮುಂಬದಿಯ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಉದುರಿದರೂ ಹಿಂಬದಿಯ ದವಡೆಹಲ್ಲುಗಳು 10ರಿಂದ 12ನೆಯ ವಯಸ್ಸಿನವರೆಗೆ ಬಾಯಲ್ಲಿದ್ದು ಕೆಲಸ ಮಾಡಬೇಕಾಗಿರುವುದರಿಂದ, ನಾಲ್ಕನೆಯ ವರ್ಷದಲ್ಲಿ ಹುಳುಕು ಹಿಡಿದ ದವಡೆಹಲ್ಲನ್ನು ಕೈಬಿಡುವುದೆಂದರೆ ಇನ್ನೂ ಆರೇಳು ವರ್ಷಗಳ ಊಟವನ್ನು ನೋವಿಗೆ ಒಪ್ಪಿಸಿದಂತೆ. ಭಾರತೀಯ ದಂತವೈದ್ಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಳುಕು ಕಂಡುಬಂದಿತ್ತು.

ಹಾಲುಹಲ್ಲಿನ ಹೊರಕವಚವಾದ ಎನಾಮಲ್ ಶಾಶ್ವತ ಹಲ್ಲಿನದಕ್ಕಿಂತ ತೆಳುವಾಗಿದ್ದು, ಒಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಮೃದುಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದಾಗಿರುವುದರಿಂದ ಹುಳುಕು ಬೇಗನೆ ಒಳಕ್ಕಿಳಿಯುತ್ತದೆ. ಹಲ್ಲಿಗಂಟಿದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಎನಾಮಲ್‌ನ ಖನಿಜವನ್ನು ಕರಗಿಸುತ್ತದೆ. ಇಲ್ಲಿ ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಸಲ ತಿಂದರು ಎಂಬುದೇ ಮುಖ್ಯ. ಹೀಗಾಗಿ ದಸರೆಯ ಫಾಫಡಾ–ಜಲೇಬಿಯನ್ನಾಗಲಿ, ಶರದ್ ಪೂರ್ಣಿಮೆಯ ಮರುದಿನ ಸೂರತ್‌ನವರು ಸವಿಯುವ ಘಾರಿ ಎಂಬ ಸಿಹಿಯನ್ನಾಗಲಿ ದೂರುವುದು ಅಷ್ಟೇನೂ ನ್ಯಾಯವಲ್ಲ. ದಿನವಿಡೀ ಕೈಗೆ ಸಿಗುವ ಬಿಸ್ಕತ್ತು, ಪೊಟ್ಟಣದ ತಿಂಡಿ, ಸಿಹಿ ಚಹಾ ಇವೇ ನಿಜವಾದ ಅಪರಾಧಿಗಳು. ಎಲ್ಲಕ್ಕಿಂತ ಕೆಟ್ಟದ್ದು ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಅಭ್ಯಾಸ, ಏಕೆಂದರೆ ನಿದ್ದೆಯಲ್ಲಿ ಬಾಯನ್ನು ತೊಳೆಯುವ ಜೊಲ್ಲು ತೀರಾ ಕಡಿಮೆಯಾಗುತ್ತದೆ. ಮಗುವಿನ ಮೇಲ್ದುಟಿಯನ್ನು ಎತ್ತಿ ನೋಡಿದಾಗ ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಕೊರೆಯದೆಯೇ, ಫ್ಲೋರೈಡ್ ವಾರ್ನಿಷ್ ಎಂಬ ಅಂಟುದ್ರವವನ್ನು ಲೇಪಿಸಿ, ಆಹಾರದ ಅಭ್ಯಾಸವನ್ನು ತಿದ್ದಿ ಅದನ್ನು ತಡೆಯಬಹುದು.

ಫ್ಲೋರೈಡಿನ ಹೆಸರೆತ್ತಿದರೆ ಗುಜರಾತಿನಲ್ಲಿ ನೀರಿನ ಪ್ರಶ್ನೆಯೂ ಏಳುತ್ತದೆ. ಮೆಹಸಾಣಾ, ಪಾಟಣ, ಬನಾಸ್‌ಕಾಂಠಾ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ, ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಗಳಲ್ಲಿರುವಂತೆಯೇ, ಈ ಲವಣ ಮಿತಿಮೀರಿರುವುದರಿಂದ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕೆಟ್ಟು, ಕಂದು ಕಲೆಗಳೊಂದಿಗೆ ಹುಟ್ಟುತ್ತವೆ. ಇದನ್ನೇ ದಂತ ಫ್ಲೋರೋಸಿಸ್ ಎನ್ನುತ್ತಾರೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮ್ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಆದರೆ ಅಹಮದಾಬಾದಿಗೆ ನರ್ಮದಾ ಕಾಲುವೆಯಿಂದ, ವಡೋದರಾಕ್ಕೆ ಮಹಿ ನದಿ ಮತ್ತು ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದ ಆಜವಾ ಜಲಾಶಯದಿಂದ, ಸೂರತ್‌ಗೆ ತಾಪಿಯಿಂದ ಬರುವ ನೀರಿನ ಲೆಕ್ಕ ಬೇರೆ. ಸಾಲದ್ದಕ್ಕೆ ಮನೆಮನೆಯ ಆರ್‌ಒ ಯಂತ್ರವು ನೀರಿನಲ್ಲಿರುವ ಅಲ್ಪಸ್ವಲ್ಪ ಫ್ಲೋರೈಡನ್ನೂ ಬಹುಮಟ್ಟಿಗೆ ತೆಗೆದುಬಿಡುತ್ತದೆ. ಆದ್ದರಿಂದ ಹಳ್ಳಿಯ ಫ್ಲೋರೋಸಿಸ್‌ಗೆ ಹೆದರಿ ನಗರದ ಮಗುವಿಗೆ ಫ್ಲೋರೈಡ್ ಪೇಸ್ಟನ್ನು ನಿರಾಕರಿಸುವುದು ತಪ್ಪು ಲೆಕ್ಕಾಚಾರ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷವಾಗುವವರೆಗೆ ಹಿರಿಯರೇ ಕೈಹಿಡಿದು ಉಜ್ಜಿಸಬೇಕು.

ಹುಳುಕು ತಿರುಳನ್ನು ಮುಟ್ಟಿದ ಮೇಲೆ ಬರಿಯ ಫಿಲ್ಲಿಂಗ್ ಸಾಲದು. ಸೋಂಕು ಹಲ್ಲಿನ ಮೇಲ್ಭಾಗಕ್ಕೆ ಸೀಮಿತವಾಗಿದ್ದರೆ ಅಲ್ಲಿನ ತಿರುಳನ್ನಷ್ಟೇ ತೆಗೆದು, ರಕ್ತ ನಿಂತುದನ್ನು ಖಚಿತಪಡಿಸಿಕೊಂಡು, ಬೇರಿನೊಳಗಿನ ಜೀವಂತ ತಿರುಳಿನ ಮೇಲೆ ಔಷಧಯುಕ್ತ ಸಿಮೆಂಟನ್ನು ಹಾಕಿ ಮುಚ್ಚಲಾಗುತ್ತದೆ. ಇದಕ್ಕೆ ಪಲ್ಪಾಟಮಿ ಎಂದು ಹೆಸರು. ಬೇರುಗಳೂ ಕೊಳೆತಿದ್ದರೆ ಅವುಗಳೊಳಗಿನ ಕಾಲುವೆಗಳನ್ನು ಪೂರ್ತಿ ಸ್ವಚ್ಛಗೊಳಿಸಬೇಕಾಗುತ್ತದೆ. ಇಲ್ಲಿ ದೊಡ್ಡವರ ರೂಟ್ ಕೆನಾಲ್‌ಗೂ ಮಕ್ಕಳದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ: ಕೆಳಗಿನಿಂದ ಶಾಶ್ವತ ಹಲ್ಲು ಮೇಲೇಳುವಾಗ ಹಾಲುಹಲ್ಲಿನ ಬೇರು ತಾನಾಗಿ ಕರಗುತ್ತಾ ಹೋಗಬೇಕಾದ್ದರಿಂದ, ದೊಡ್ಡವರಿಗೆ ತುಂಬುವ ರಬ್ಬರಿನಂಥ ಕರಗದ ವಸ್ತುವನ್ನು ಬಿಟ್ಟು, ಬೇರಿನ ಜೊತೆಗೆ ಕರಗಬಲ್ಲ ಪೇಸ್ಟನ್ನೇ ತುಂಬುತ್ತಾರೆ. ಬಳಿಕ ಹಲ್ಲು ಒಡೆಯದಂತೆ ಸಿದ್ಧ ಅಳತೆಯ ಸ್ಟೀಲ್ ಕ್ಯಾಪ್ ತೊಡಿಸುತ್ತಾರೆ. ಬೆಳ್ಳಗಿನ ಜಿರ್ಕೋನಿಯಾ ಕ್ಯಾಪ್ ಚೆಂದವಾಗಿ ಕಂಡರೂ ಅದಕ್ಕಾಗಿ ಹಲ್ಲನ್ನು ಹೆಚ್ಚು ಸವೆಸಬೇಕು, ಬೆಲೆಯೂ ಹೆಚ್ಚು. ನಕ್ಕಾಗ ಕಾಣದ ದವಡೆಗೆ ಸ್ಟೀಲೇ ಜಾಣತನದ ಆಯ್ಕೆ. ಹುಳುಕು ತಿರುಳನ್ನು ಇನ್ನೂ ತಲುಪದಿದ್ದರೆ ಚುಚ್ಚುಮದ್ದೂ ಕೊರೆತವೂ ಇಲ್ಲದೆ ಅದರ ಮೇಲೆಯೇ ಕ್ಯಾಪ್ ಕೂರಿಸಿ, ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗದಂತೆ ಮಾಡುವ ವಿಧಾನವೂ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ.

ತೀರಾ ಅಂಜುವ ಮಕ್ಕಳಿಗೆ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವವನ್ನು ಹನಿಯಷ್ಟು ಹಚ್ಚಿದರೂ ಹುಳುಕು ಹಲವೊಮ್ಮೆ ನಿಂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂಬ ಸಂಗತಿಯನ್ನು ಮಾತ್ರ ಪೋಷಕರಿಗೆ ಮೊದಲೇ ತಿಳಿಸಬೇಕು. ದವಡೆಯ ಹಾಲುಹಲ್ಲನ್ನು ಕೀಳಲೇಬೇಕಾಗಿ ಬಂದರೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ ಮುಂದೆ ಬರುವ ಹಲ್ಲಿಗೆ ದಾರಿ ಮುಚ್ಚುತ್ತವೆ. ಅದನ್ನು ತಡೆಯಲು ಪಕ್ಕದ ಹಲ್ಲಿಗೆ ಪಟ್ಟಿ ಬಿಗಿದು ತಂತಿಯ ಕುಣಿಕೆ ಚಾಚುವ ಸ್ಪೇಸ್ ಮೇಂಟೇನರ್ ಎಂಬ ಸಾಧನವನ್ನು ಹಾಕುತ್ತಾರೆ. ಇದರ ಖರ್ಚು ಮುಂದೆ ಹಲ್ಲು ನೇರಗೊಳಿಸುವ ತಂತಿ ಚಿಕಿತ್ಸೆಯ ಖರ್ಚಿನ ಮುಂದೆ ಏನೇನೂ ಅಲ್ಲ.

ಮಕ್ಕಳ ದಂತಚಿಕಿತ್ಸೆಗೆ ಪ್ರತ್ಯೇಕ ಸ್ನಾತಕೋತ್ತರ ಶಿಕ್ಷಣವಿದ್ದು, ಅದನ್ನು ಕಲಿತವರನ್ನು ಪೀಡೋಡಾಂಟಿಸ್ಟ್ ಎನ್ನುತ್ತಾರೆ. ಅಹಮದಾಬಾದಿನ ಅಸಾರ್ವಾದಲ್ಲಿ ಸಿವಿಲ್ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ಕಾಲೇಜು, ವಡೋದರಾ ಬಳಿಯ ಪಿಪರಿಯಾದ ಕೆ.ಎಂ. ಶಾ ದಂತ ಕಾಲೇಜುಗಳಲ್ಲಿ ಈ ವಿಭಾಗವಿದ್ದು, ಖಾಸಗಿ ಕ್ಲಿನಿಕ್‌ಗಳ ದರ ಭರಿಸಲಾಗದವರಿಗೆ ಇಂಥ ಕಾಲೇಜು ಆಸ್ಪತ್ರೆಗಳೇ ಆಸರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯ ತಂಡಗಳು ಹಲ್ಲಿನ ಹುಳುಕನ್ನೂ ಪರೀಕ್ಷಿಸಬೇಕೆಂಬ ನಿಯಮವಿದೆ. ಅಲ್ಲಿ ಕೊಟ್ಟ ಚೀಟಿಯನ್ನು ಪೋಷಕರು ಮೂಲೆಗೆಸೆಯಬಾರದು. ಮಗುವನ್ನು ದಂತವೈದ್ಯರಿಗೆ ಮೊದಲ ಸಲ ತೋರಿಸಲು ನೋವು ಬರುವವರೆಗೆ ಕಾಯಬೇಕಿಲ್ಲ. ಮೊದಲ ಹಲ್ಲು ಮೂಡಿದ ಆರು ತಿಂಗಳೊಳಗೆ, ಅಥವಾ ಮೊದಲ ಹುಟ್ಟುಹಬ್ಬದ ಹೊತ್ತಿಗೆ, ಒಮ್ಮೆ ಕರೆದೊಯ್ಯಬೇಕು.