ಇಂಗ್ಲಿಷ್ ತಲೆಗೆ ಹತ್ತೀತೇ?

ಪ್ರಶ್ನೆ: ಚಿಕ್ಕಂದಿನಲ್ಲಿ ಅಕ್ಷರವನ್ನೇ ಕಲಿಯದವರು ಮುಂದೆ ಇಂಗ್ಲಿಷ್ ಕಲಿತದ್ದುಂಟೇ?

ಉತ್ತರ: ಉಂಟು. ಪುಣೆಯ ರಮಾಬಾಯಿ ರಾನಡೆಯವರನ್ನೇ ನೋಡಿ. 1873ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮಹಾದೇವ ಗೋವಿಂದ ರಾನಡೆಯವರನ್ನು ಮದುವೆಯಾದಾಗ ಆಕೆಗೆ ಮರಾಠಿ ಅಕ್ಷರಗಳೂ ಬರುತ್ತಿರಲಿಲ್ಲ. ಗಂಡನೇ ಸ್ಲೇಟು ಹಿಡಿಸಿ ತಿದ್ದಿಸಿದರು. ಆಮೇಲೆ ಇಂಗ್ಲಿಷ್ ಶುರುವಾಯಿತು. ಪಾಠಕ್ಕಿಂತ ಕಷ್ಟವಾದದ್ದು ಮನೆಯ ಹೆಂಗಸರ ಕೊಂಕು ಮಾತು. ಹಿರಿಯರಿಗೆ ಎದುರಾಡುವಂತಿಲ್ಲ, ಓದು ಬಿಡುವಂತೆಯೂ ಇಲ್ಲ! ಹಗಲು ಮನೆಗೆಲಸ, ಬಿಡುವಾದಾಗ ಪುಸ್ತಕ. ಗಂಡನ ಬೆಂಬಲವಿತ್ತು ನಿಜ, ಆದರೆ ಚುಚ್ಚುಮಾತುಗಳನ್ನು ನುಂಗಿಕೊಂಡು ಪಟ್ಟು ಹಿಡಿದು ಕೂತವರು ಆಕೆಯೇ. ಮುಂದೆ ಸಭೆಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡಿದರು. 1909ರಲ್ಲಿ ಪುಣೆಯಲ್ಲಿ ಸೇವಾಸದನ ಎಂಬ ಮಹಿಳಾ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದರು. ಮರಾಠಿ ಬಲ್ಲವರು 1910ರಲ್ಲಿ ಬಂದ ಆಕೆಯ ನೆನಪುಗಳ ಪುಸ್ತಕವನ್ನು ಓದಬೇಕು.