ಹೊರೆ ಹೊರುವವರ ಸ್ನಾಯು ಚೇತರಿಕೆ ಮತ್ತು ಅಮೈನೋ ಆಮ್ಲದ ಪೂರಕಗಳು: ಸೇನಾ ಭರ್ತಿ ಆಕಾಂಕ್ಷಿಗಳಿಗೆ ಮಾಹಿತಿ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಜನರಿಗೆ ಹೊರೆ ಹೊರುವುದು ಹೊಸದಲ್ಲ. ಅಡಿಕೆ ಗೊನೆ, ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿಗಳನ್ನು ಹೊತ್ತು ಗುಡ್ಡ ಹತ್ತಿಳಿಯುವುದು ಇಲ್ಲಿನ ದಿನನಿತ್ಯದ ದುಡಿಮೆ. ಭೂಸೇನೆಗೆ ಸೇರಬಯಸುವ ಯುವಕರು ಭರ್ತಿಯ 1.6 ಕಿ.ಮೀ. ಓಟದ ಜೊತೆಗೆ, ಮುಂದಿನ ತರಬೇತಿಯನ್ನು ನೆನೆದು ಬೆನ್ನಿಗೆ ಭಾರ ಕಟ್ಟಿಕೊಂಡು ಅಭ್ಯಾಸ ಮಾಡುವುದುಂಟು. ಮೈಕೈನೋವು ಬೇಗ ವಾಸಿಯಾಗಲೆಂದು ಅಮೈನೋ ಆಮ್ಲದ ಪುಡಿ ಅಥವಾ ಮಾತ್ರೆಗಳಿಗೆ ಮನೆಯ ಹಣ ವ್ಯಯಿಸುವುದೂ ಉಂಟು. ಈ ವೆಚ್ಚ ಅಗತ್ಯವೇ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ನಾಯುವಿನಲ್ಲಿ ಆಗುವುದೇನು?

ಭಾರ ಹೊತ್ತು ಗುಡ್ಡ ಹತ್ತುವಾಗ ಏದುಸಿರು ಹೆಚ್ಚು. ಆದರೆ ಸ್ನಾಯುಗಳಿಗೆ ಹೆಚ್ಚಿನ ಪೆಟ್ಟು ಬೀಳುವುದು ಇಳಿಯುವಾಗ. ಆಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಇದರಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಹಾನಿಯಾಗಿ, 24ರಿಂದ 72 ಗಂಟೆಗಳ ಅವಧಿಯಲ್ಲಿ ನೋವು ತೀವ್ರವಾಗಿರುತ್ತದೆ.

ಈ ಹಾನಿಯನ್ನು ದೇಹವು ಪ್ರೋಟೀನಿನಿಂದ ದುರಸ್ತಿ ಮಾಡುತ್ತದೆ. ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳಿಂದ ಕಟ್ಟಲ್ಪಟ್ಟಿದೆ. ಇವುಗಳಲ್ಲಿ 9ನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಅವುಗಳ ಪೈಕಿ ಲ್ಯೂಸಿನ್ ಎಂಬುದು ದುರಸ್ತಿ ಕಾರ್ಯಕ್ಕೆ ಚಾಲನೆ ನೀಡುತ್ತದೆ. ಆದರೆ ಉಳಿದ 8 ಇಲ್ಲದಿದ್ದರೆ ಕಾರ್ಯ ಮುಂದುವರಿಯದು. ಮೇಸ್ತ್ರಿ ಬಂದರೂ ಕಲ್ಲು, ಗಾರೆ ಇಲ್ಲದಿದ್ದರೆ ಗೋಡೆ ಏಳುವುದಿಲ್ಲ.

ಅಧ್ಯಯನಗಳು ತಿಳಿಸುವುದೇನು?

ಅಮೆರಿಕದ ನೌಕಾ ಪದಾತಿ ದಳದ 387 ಹೊಸ ಸಿಬ್ಬಂದಿಯ ಮೇಲೆ 54 ದಿನಗಳ ತರಬೇತಿಯಲ್ಲಿ ನಡೆದ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ವ್ಯಾಯಾಮದ ನಂತರ ಪ್ರೋಟೀನು ಸೇರಿದ ಪೂರಕ ಪಡೆದವರಲ್ಲಿ ಸ್ನಾಯು ನೋವು ಕಡಿಮೆಯಿತ್ತು. ವೈದ್ಯರ ಬಳಿಗೆ ಹೋದ ಪ್ರಸಂಗಗಳೂ ಕಡಿಮೆಯಾಗಿದ್ದವು. ಅದರಲ್ಲಿದ್ದ ಪ್ರೋಟೀನು ಕೇವಲ 10 ಗ್ರಾಂ. ಸುಮಾರು 300 ಮಿ.ಲೀ. ಹಾಲಿನಲ್ಲಿ ಅಷ್ಟು ಪ್ರೋಟೀನು ಇರುತ್ತದೆ.

ಬ್ರಿಟನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಮಂದಿ ಪುರುಷರು 25 ಕಿ.ಗ್ರಾಂ. ಹೊರೆಯೊಂದಿಗೆ 2 ಗಂಟೆ ನಡೆದರು. ಪ್ರೋಟೀನು ಕುಡಿದಾಗ ತೊಡೆಯ ಶಕ್ತಿ 48 ಗಂಟೆಗಳಲ್ಲಿ ಮರಳಿತು. ಆದರೆ ಶರ್ಕರಪಿಷ್ಟದ ಪಾನೀಯ ಕುಡಿದಾಗಲೂ ಅದೇ ಫಲ ಕಂಡುಬಂದಿತು. ಚೇತರಿಕೆಗೆ ಪ್ರೋಟೀನಿನಷ್ಟೇ ಹೊಟ್ಟೆ ತುಂಬ ಊಟವೂ ಮುಖ್ಯವೆಂಬುದನ್ನು ಇದು ಸೂಚಿಸುತ್ತದೆ. ದಿನಗಟ್ಟಲೆ ಗಸ್ತು ತಿರುಗುವ, ಸಾಕಷ್ಟು ಆಹಾರ ಒಯ್ಯಲಾಗದ ಯೋಧರಿಗೆ ಪೂರಕಗಳು ಉಪಯುಕ್ತವಾಗಬಹುದು. ಮನೆಯಲ್ಲಿದ್ದು ಅಭ್ಯಾಸ ಮಾಡುವವರ ಪರಿಸ್ಥಿತಿ ಅದಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೂ ಮೈಕಟ್ಟು ಬೆಳೆಸಲು ಪ್ರೋಟೀನು ಪೂರಕಗಳನ್ನು ಸೇವಿಸದಿರುವಂತೆ ಸಲಹೆ ನೀಡಿದೆ.

ಮನೆಯ ಊಟದ ಲೆಕ್ಕ

ಸಾಮಾನ್ಯ ವಯಸ್ಕರಿಗೆ ದೇಹ ತೂಕದ ಪ್ರತಿ ಕಿ.ಗ್ರಾಂ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಕಠಿಣ ಅಭ್ಯಾಸ ಮಾಡುವವರಿಗೆ 1.2 ಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. 60 ಕಿ.ಗ್ರಾಂ. ತೂಕದ ಯುವಕನಿಗೆ 1.2ರಂತೆ 72 ಗ್ರಾಂ ಆಯಿತು. ಇದನ್ನು ಅಂದಾಜು ಈ ಕೆಳಕಂಡಂತೆ ಪಡೆಯಬಹುದು:

- ಅಕ್ಕಿ 350 ಗ್ರಾಂ: 26 ಗ್ರಾಂ
- ಹುರುಳಿ ಅಥವಾ ಬೇಳೆ 75 ಗ್ರಾಂ: 16 ಗ್ರಾಂ
- ಹಾಲು ಅಥವಾ ಮೊಸರು ಅರ್ಧ ಲೀಟರ್: 16 ಗ್ರಾಂ
- ಮೊಟ್ಟೆ 2: 12 ಗ್ರಾಂ
- ಕಡಲೆಕಾಯಿ ಬೀಜ 30 ಗ್ರಾಂ: 7 ಗ್ರಾಂ
- ಒಟ್ಟು: 77 ಗ್ರಾಂ

ಮೊಟ್ಟೆ ತಿನ್ನದವರು ಬೇಳೆಕಾಳು ಮತ್ತು ಹಾಲಿನ ಪ್ರಮಾಣ ಹೆಚ್ಚಿಸಿಕೊಳ್ಳಬಹುದು. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳಿನಲ್ಲಿ ಅದು ಹೇರಳ. ಕಾಳಿನಲ್ಲಿ ಕೊರತೆಯಾಗುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಆದ್ದರಿಂದ ಅನ್ನ ಮತ್ತು ಹುರುಳಿ ಸಾರು ಪರಸ್ಪರರ ಕೊರತೆಯನ್ನು ತುಂಬಿಕೊಡುತ್ತವೆ. ತೋಟದಲ್ಲಿ ದುಡಿಯುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಪೂರಕ ಖರೀದಿಸಲೇಬೇಕೆಂದಿದ್ದರೆ ಡಬ್ಬಿಯ ಬೆಲೆಯನ್ನು ಅದರಲ್ಲಿರುವ ಒಟ್ಟು ಪ್ರೋಟೀನಿನ ಗ್ರಾಂಗಳಿಂದ ಭಾಗಿಸಿ, ಅದೇ ರೀತಿ ಹಾಲು, ಹುರುಳಿಗಳ ಬೆಲೆಯನ್ನೂ ಲೆಕ್ಕ ಹಾಕಿ ಹೋಲಿಸಿ ನೋಡುವುದು. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ಪರಿಶೀಲಿಸುವುದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಎಲ್ಲ ನೋವೂ ವ್ಯಾಯಾಮದ ನೋವಲ್ಲ

ಮಂಗನ ಕಾಯಿಲೆಯು ಈ ಮೂರೂ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿನ ಉಣುಗುಗಳಿಂದ ಹರಡುವ ಈ ರೋಗವು ಹಠಾತ್ ಜ್ವರ, ತಲೆನೋವು ಹಾಗೂ ತೀವ್ರ ಮೈಕೈನೋವಿನಿಂದ ಆರಂಭವಾಗುತ್ತದೆ. ಕಾಡಿನ ದಾರಿಯಲ್ಲಿ ಓಡುವವರು ಇದನ್ನು ಅಭ್ಯಾಸದ ನೋವೆಂದು ತಿಳಿದು ಪುಡಿ, ಮಾತ್ರೆಗಳನ್ನು ನೆಚ್ಚಿ ಕಾಲಹರಣ ಮಾಡಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಜ್ವರವಿದ್ದರೆ ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಕಾಡಿಗೆ ಹೋಗಿದ್ದ ವಿಷಯವನ್ನು ತಿಳಿಸತಕ್ಕದ್ದು. ಕಠಿಣ ಅಭ್ಯಾಸದ ನಂತರ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುಗಳಿಗೆ ತೀವ್ರ ಹಾನಿಯಾಗಿರುವ ಲಕ್ಷಣ. ಆಗಲೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊರೆಯನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು, ಭಾರ ಹೊತ್ತ ಮರುದಿನ ಲಘು ಅಭ್ಯಾಸ ಮಾಡುವುದು, ಹೊಟ್ಟೆ ತುಂಬ ಊಟ ಹಾಗೂ ಸಾಕಷ್ಟು ನೀರು, ನಿದ್ರೆ ಇವೇ ಚೇತರಿಕೆಯ ಮುಖ್ಯ ಆಧಾರಗಳು. ಯುವಕರು ಹಾಗೂ ಪೋಷಕರು ಈ ಅಂಶಗಳನ್ನು ಗಮನಿಸಿ ಅನಗತ್ಯ ವೆಚ್ಚದಿಂದ ದೂರವಿರಬೇಕೆಂದು ಕೋರಲಾಗಿದೆ.