ಹಿಂಡಿ ಲೆಕ್ಕ ಎರಡು ಸಲ ಕೂಡಿತು: ಶೀಟಿನಲ್ಲಿ ಬಿಡಿ ಬಿಡಿಯಾಗಿರುವ ಸಾಲುಗಳಿಗೆ ಫಾರ್ಮುಲಾ ಹಾಕುವುದು ಹೇಗೆ?

ಹಾಲಿನ ಲೆಕ್ಕವನ್ನು ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ಬರೆದಿಡುವ ರೈತರಲ್ಲಿ ನಾನೂ ಒಬ್ಬ. ಹೋದ ವರ್ಷ ಆ ಶೀಟನ್ನೇ ನಂಬಿ ಒಂದು ಒಳ್ಳೆ ಹಸುವನ್ನು ಮಾರಲು ಹೊರಟಿದ್ದೆ. ತಪ್ಪು ಹಸುವಿನದಲ್ಲ, ನಾನು ಹಾಕಿದ ಫಾರ್ಮುಲಾದ್ದು. ಆ ತಪ್ಪು ನಿಮ್ಮ ಶೀಟಿನಲ್ಲೂ ಇರಬಹುದು, ಅದಕ್ಕೇ ಈ ವಾರ ಇದನ್ನು ಬರೀತಿದ್ದೀನಿ.

ನಮ್ಮಲ್ಲಿ ಎರಡು ಮಿಶ್ರತಳಿ ಹಸು, ಗೌರಿ ಮತ್ತು ಕೆಂಪಿ. ಶೀಟಿನಲ್ಲಿ ಎ ಕಾಲಂ ತಾರೀಖು. ಬಿ ಗೌರಿಯ ಹಾಲು, ಸಿ ಗೌರಿ ತಿಂದ ಹಿಂಡಿ, ಡಿ ಕೆಂಪಿಯ ಹಾಲು, ಇ ಕೆಂಪಿಯ ಹಿಂಡಿ. ನಮಗೆ ಹತ್ತು ದಿನಕ್ಕೊಮ್ಮೆ ಬಟವಾಡೆ. ಹಾಗಾಗಿ ಹತ್ತು ದಿನ ಮುಗಿದ ಮೇಲೆ ಒಂದು 'ಒಟ್ಟು' ಸಾಲು. ಅಂದರೆ 2ರಿಂದ 11ನೇ ಸಾಲಿನವರೆಗೆ ದಿನದ ಲೆಕ್ಕ, 12ರಲ್ಲಿ ಒಟ್ಟು. 13ರಿಂದ 22, 23ರಲ್ಲಿ ಒಟ್ಟು. 24ರಿಂದ 33, 34ರಲ್ಲಿ ಒಟ್ಟು.

ತಿಂಗಳ ಕೊನೆಗೆ ಕೆಂಪಿಯ ಹಾಲನ್ನು ಮೂರು ಒಟ್ಟುಗಳಿಂದ ಕೂಡಿದೆ, 300 ಲೀಟರ್ ಬಂತು. ಹಿಂಡಿಗೆ ಮಾತ್ರ ಅವಸರದಲ್ಲಿ ಮೇಲಿನಿಂದ ಕೆಳಗೆ ಬೆರಳು ಎಳೆದುಬಿಟ್ಟೆ: =ಸಮ್(ಇ2:ಇ33). ಬಂದಿದ್ದು 250 ಕೆಜಿ. ಒಂದು ಕೆಜಿ ಹಿಂಡಿಗೆ 1.2 ಲೀಟರ್ ಹಾಲು! ಇದು ತಿಂದಷ್ಟು ಕರೆಯೋ ಹಸು ಅಲ್ಲ ಅಂತ ತೀರ್ಮಾನ ಮಾಡಿ ವ್ಯಾಪಾರಿಗೆ ಫೋನ್ ಮಾಡಿದೆ. ಅವನು ಬಂದು ರೇಟನ್ನೂ ಹೇಳಿ ಹೋದ.

ತಪ್ಪು ಹಿಡಿದದ್ದು ನನ್ನ ಹೆಂಡತಿ. ಅವಳು ಶೀಟು ನೋಡುವವಳಲ್ಲ, ಚೀಲ ಎಣಿಸುವವಳು. "ತಿಂಗಳಿಗೆ ತಂದಿದ್ದೇ ಐವತ್ತು ಕೆಜಿದು ಆರು ಚೀಲ ಕಣ್ರೀ. ಕೆಂಪಿ ಒಂದೇ ಐದು ಚೀಲ ತಿಂದ್ರೆ, ಗೌರಿ ಏನು ಗಾಳಿ ಕುಡಿದು ಹಾಲು ಕೊಟ್ಳಾ?" ಅಂದಳು.

ಲೆಕ್ಕ ಬಿಡಿಸಿ ನೋಡಿದೆ. ಎರಡು ಸೆಲ್‌ಗಳ ನಡುವೆ ಕೋಲನ್ ಹಾಕಿದರೆ 'ಇಲ್ಲಿಂದ ಅಲ್ಲಿಯವರೆಗೆ, ಮಧ್ಯದ್ದೆಲ್ಲಾ ಸೇರಿ' ಅಂತ ಅರ್ಥ. ಹೀಗಾಗಿ ದಿನದ 150 ಕೆಜಿ ಜೊತೆಗೆ 12 ಮತ್ತು 23ನೇ ಸಾಲಿನ ಒಟ್ಟುಗಳು, 50 ಮತ್ತು 50, ಮತ್ತೊಂದು ಸಲ ಕೂಡಿಹೋಗಿದ್ದವು. ನಿಜವಾಗಿ ದಿನಕ್ಕೆ 5 ಕೆಜಿ, ಕೆಜಿಗೆ 2 ಲೀಟರ್. ದೇಹ ಪೋಷಣೆಗೆ ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಅನ್ನೋ ರೂಢಿಯ ಲೆಕ್ಕ ಹಿಡಿದರೂ ಹತ್ತು ಲೀಟರ್ ಕೊಡುವ ಹಸುವಿಗೆ 5.5 ಕೆಜಿ ಬೇಕು. ಪಾಪ, ಅದಕ್ಕೆ ನಾನೇ ಅರ್ಧ ಕೆಜಿ ಕಮ್ಮಿ ಕೊಡ್ತಿದ್ದೆ.

ಸರಿಯಾದ ದಾರಿ ಅಲ್ಪವಿರಾಮ, ಅಂದರೆ ಕಾಮಾ. ಬೇಕಾದ ತುಂಡುಗಳನ್ನು ಮಾತ್ರ ಕಾಮಾ ಹಾಕಿ ಜೋಡಿಸಬೇಕು:

=ಸಮ್(ಇ2:ಇ11,ಇ13:ಇ22,ಇ24:ಇ33)

(ಇಲ್ಲಿ ಓದಲು ಅನುಕೂಲ ಅಂತ ಕನ್ನಡದಲ್ಲಿ ಬರೆದಿದ್ದೀನಿ, ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿ.) ಕಂಪ್ಯೂಟರಿನಲ್ಲಾದರೆ ಮೊದಲ ತುಂಡು ಎಳೆದು, ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡು ಮುಂದಿನ ತುಂಡು ಎಳೆಯಿರಿ, ಕಾಮಾ ತಾನೇ ಬೀಳುತ್ತೆ. ಮೊಬೈಲಿನಲ್ಲಿ ಕಾಮಾ ಕೈಯಲ್ಲೇ ಹಾಕಬೇಕು. ಕಾಮಾ ಬದಲು ಬರೀ ಜಾಗ ಬಿಟ್ಟರೆ ಎಕ್ಸೆಲ್ 'ನಲ್' ಅನ್ನೋ ದೋಷ ತೋರಿಸುತ್ತೆ, ಗಾಬರಿ ಬೇಡ. 31 ದಿನದ ತಿಂಗಳಲ್ಲಿ ಕೊನೆಯ ತುಂಡನ್ನು ಒಂದು ಸಾಲು ಮುಂದಕ್ಕೆ ಎಳೆಯೋದು ಮರೀಬೇಡಿ.

ದೂರದ ಕಾಲಂಗಳಿಗೂ ಇದೇ ರೀತಿ. ಎರಡೂ ಹಸುವಿನ ಮೊದಲ ಹತ್ತು ದಿನದ ಹಾಲು =ಸಮ್(ಬಿ2:ಬಿ11,ಡಿ2:ಡಿ11). ಇದನ್ನು ಬಿ2:ಡಿ11 ಅಂತ ಬರೆದರೆ ಗೌರಿಯ ಹಿಂಡಿ ಕೆಜಿಯೂ ಹಾಲಿನ ಲೀಟರ್‌ಗೆ ಸೇರುತ್ತೆ! ಮ್ಯಾಕ್ಸ್, ಮಿನ್, ಕೌಂಟ್ ಕೂಡ ಕಾಮಾ ಒಪ್ಪುತ್ತವೆ.

ಸರಾಸರಿ ತೆಗೆಯುವ ಆವರೇಜ್ ಸಹ ಒಪ್ಪುತ್ತೆ, ಆದರೆ ಅಲ್ಲಿ ಸ್ವಲ್ಪ ನಿಧಾನ. ಒಂದು ಹಸು 30 ದಿನ 10 ಲೀಟರ್‌ನಂತೆ, ಈಗಷ್ಟೇ ಕರು ಹಾಕಿದ ಇನ್ನೊಂದು 10 ದಿನ 14 ಲೀಟರ್‌ನಂತೆ ಕೊಟ್ಟಿತು ಅಂದುಕೊಳ್ಳಿ. ಎರಡು ಸರಾಸರಿಗಳನ್ನು ಕೂಡಿ ಭಾಗಿಸಿದರೆ 12. ಆದರೆ 440 ಲೀಟರನ್ನು 40ರಿಂದ ಭಾಗಿಸಿದರೆ 11. ತುಂಡುಗಳನ್ನು ಕಾಮಾ ಹಾಕಿ ಆವರೇಜ್‌ಗೆ ಕೊಟ್ಟರೆ ಬರೋದು ಈ 11, ಅದೇ ಸರಿ.

ಇನ್ನೊಂದು, ಸೊನ್ನೆ. ಖಾಲಿ ಸೆಲ್ಲನ್ನು ಆವರೇಜ್ ಲೆಕ್ಕಕ್ಕೆ ಹಿಡಿಯಲ್ಲ, 0 ಇದ್ದರೆ ಹಿಡಿಯುತ್ತೆ. ಹತ್ತು ದಿನದಲ್ಲಿ ಎರಡು ದಿನ ಕೆಚ್ಚಲು ಬಾವಿಗೆ ಔಷಧಿ ಕೊಟ್ಟು ಹಾಲು ಚೆಲ್ಲಿದಿರಿ, ಉಳಿದ ಎಂಟು ದಿನ 10 ಲೀಟರ್. ಆ ಎರಡು ದಿನ 0 ಬರೆದರೆ ಸರಾಸರಿ 8, ಖಾಲಿ ಬಿಟ್ಟರೆ 10. ಹಸುವಿನ ತಾಕತ್ತು ತಿಳಿಯಬೇಕಾದರೆ ಖಾಲಿ ಬಿಡಿ, ಜೇಬಿಗೆ ಬಂದದ್ದು ತಿಳಿಯಬೇಕಾದರೆ 0 ಬರೆಯಿರಿ. ನನ್ನ ಮಗ ಎಲ್ಲಾ ಕಡೆ 0 ತುಂಬುತ್ತಿದ್ದ, ಬೈದು ಬಿಡಿಸಿದ್ದೀನಿ.

ಕಾಮಾಗೆ ಬಗ್ಗದ ಫಾರ್ಮುಲಾಗಳೂ ಇವೆ. 'ಎಂಟು ಲೀಟರಿಗಿಂತ ಕಮ್ಮಿ ಕೊಟ್ಟ ದಿನ ಎಷ್ಟು?' ಅಂತ ಕೇಳುವ ಕೌಂಟ್‌ಇಫ್ ಒಂದೇ ತುಂಡನ್ನು ನೋಡುತ್ತೆ. ಅಲ್ಲಿ ತುಂಡಿಗೊಂದು ಬರೆದು ಕೂಡಿಸಿ:

=ಕೌಂಟ್‌ಇಫ್(ಡಿ2:ಡಿ11,"<8")+ಕೌಂಟ್‌ಇಫ್(ಡಿ13:ಡಿ22,"<8")+ಕೌಂಟ್‌ಇಫ್(ಡಿ24:ಡಿ33,"<8")

ಸಮ್‌ಇಫ್‌ಗೂ ಹೀಗೇ. ಆವರೇಜ್‌ಇಫ್ ಅನ್ನು ಮಾತ್ರ ಹೀಗೆ ಕೂಡಬೇಡಿ. ಸಮ್‌ಇಫ್‌ಗಳನ್ನು ಕೂಡಿ, ಕೌಂಟ್‌ಇಫ್‌ಗಳ ಮೊತ್ತದಿಂದ ಭಾಗಿಸಿ.

ಇಷ್ಟೆಲ್ಲಾ ತುಂಡು ಬರೆಯೋಕೆ ಬೇಜಾರು ಅನ್ನೋರಿಗೆ ನನಗೆ ತುಂಬಾ ಹಿಡಿಸಿದ ಉಪಾಯ ಸಬ್‌ಟೋಟಲ್. ಮೂರೂ ಒಟ್ಟು ಸಾಲಿನಲ್ಲಿ ಸಮ್ ಬದಲು =ಸಬ್‌ಟೋಟಲ್(9,ಇ2:ಇ11) ಈ ರೀತಿ ಹಾಕಿ. ಆಮೇಲೆ ತಿಂಗಳಿಗೆ =ಸಬ್‌ಟೋಟಲ್(9,ಇ2:ಇ34) ಅಂತ ಧೈರ್ಯವಾಗಿ ಎಳೆಯಿರಿ, ಮಧ್ಯದ ಒಟ್ಟುಗಳನ್ನು ಅದೇ ಬಿಟ್ಟು ಲೆಕ್ಕ ಹಾಕುತ್ತೆ. 9 ಅಂದರೆ ಕೂಡು, 1 ಅಂದರೆ ಸರಾಸರಿ. ಆದರೆ ಒಟ್ಟು ಸಾಲಿನಲ್ಲಿ ಹಳೇ ಸಮ್ ಹಾಗೇ ಉಳಿದಿದ್ದರೆ ಈ ಉಪಾಯ ನಡೆಯಲ್ಲ.

ಕೆಂಪಿ ನಮ್ಮ ಕೊಟ್ಟಿಗೆಯಲ್ಲೇ ಇದ್ದಾಳೆ. ಗಬ್ಬ ನಿಂತು ಏಳು ತಿಂಗಳಾಯ್ತು, ಈ ವಾರ ಹಾಲು ಬತ್ತಿಸ್ತಾ ಇದ್ದೀವಿ. ಇನ್ನೆರಡು ತಿಂಗಳು ಡಿ ಕಾಲಂ ಖಾಲಿ, ಇ ಕಾಲಂ ಮಾತ್ರ ದಿನಾ ತುಂಬುತ್ತೆ.